ಮೆಕ್‌ಡೊನಾಲ್ಡ್ಸ್ ಶುರುಮಾಡಿದ್ದು ಯಾರು? ಕ್ರಯಪತ್ರ ನೋಡಿ ಕೊಡಬೇಕಾದ ಉತ್ತರ

ಪ್ರಶ್ನೆ: ಮಗಳು ಪಿಯುಸಿಯಲ್ಲಿ ಕಾಮರ್ಸ್ ಓದುತ್ತಿದ್ದಾಳೆ. ಕಾಲೇಜಿನ ಕ್ವಿಜ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಸ್ಥಾಪಕ ಯಾರು ಎಂದು ಕೇಳಿದ್ದಕ್ಕೆ ರೇ ಕ್ರಾಕ್ ಎಂದು ಬರೆದಳು. ತಪ್ಪು ಎಂದು ಅಂಕ ಕಳೆದರು. ಅವಳ ಗೈಡ್‌ನಲ್ಲಿ ಇರುವುದೇ ಆ ಹೆಸರು. ಕೋಕಾ-ಕೋಲಾಕ್ಕೂ ಒಂದು ಕಡೆ ಪೆಂಬರ್ಟನ್ ಅಂತಿದೆ, ಇನ್ನೊಂದು ಕಡೆ ಕ್ಯಾಂಡ್ಲರ್. ಯಾವುದು ಸರಿ? ಲೀವೈಸ್ ಜೀನ್ಸ್ ಚಿನ್ನದ ಗಣಿಯವರ ಡೇರೆ ಬಟ್ಟೆಯಿಂದ ಹುಟ್ಟಿತು ಎನ್ನುವುದು ನಿಜವೇ? ಕೆಎಫ್‌ಸಿ ಬೋರ್ಡಿನ ಮೇಲಿರುವ ಕರ್ನಲ್ ನಿಜವಾಗಿ ಸೇನೆಯ ಕರ್ನಲ್ಲೇ? (ಹಾಸನದ ಓದುಗರೊಬ್ಬರು)

ಉತ್ತರ: ನಿಮ್ಮ ಮಗಳಿಗೆ ಸೊನ್ನೆ ಕೊಟ್ಟದ್ದು ಅನ್ಯಾಯ. ಪೂರ್ತಿ ಅಂಕ ಕೊಟ್ಟಿದ್ದರೂ ಸರಿಯಾಗುತ್ತಿರಲಿಲ್ಲ. ಮೆಕ್‌ಡೊನಾಲ್ಡ್ಸ್ ಎಂಬ ಹೋಟೆಲನ್ನು ತೆರೆದವರು, ಅದರ ಅಡುಗೆಮನೆಯ ಪದ್ಧತಿಯನ್ನು ರೂಪಿಸಿದವರು ಡಿಕ್ ಮತ್ತು ಮ್ಯಾಕ್ ಮೆಕ್‌ಡೊನಾಲ್ಡ್ ಎಂಬ ಅಣ್ಣತಮ್ಮಂದಿರು. ಇವತ್ತು ಷೇರುಪೇಟೆಯಲ್ಲಿರುವ ಕಂಪನಿ ಬೆಳೆದು ಬಂದದ್ದು ರೇ ಕ್ರಾಕ್ 1955ರಲ್ಲಿ ಶುರುಮಾಡಿದ ಸಂಸ್ಥೆಯಿಂದ. ಎರಡರಲ್ಲಿ ಯಾವುದನ್ನು ಕೇಳುತ್ತಿದ್ದೇವೆ ಎಂದು ಪ್ರಶ್ನೆ ಹಾಕಿದವರು ಹೇಳಬೇಕಿತ್ತು.

ಇಂಥ ಕಂಪನಿಗಳ ಹುಟ್ಟಿನ ಕಥೆ ಎದುರಾದಾಗ, ಐಡಿಯಾ ಯಾರಿಗೆ ಹೊಳೆಯಿತು ಎನ್ನುವುದಕ್ಕಿಂತ ಮೊದಲು, ಯಾರು ಯಾರಿಗೆ ಏನು ಬರೆದುಕೊಟ್ಟರು ಎಂದು ನಾನು ನೋಡುತ್ತೇನೆ. ಪೇಟೆಂಟ್ ಅರ್ಜಿ, ಕ್ರಯಪತ್ರ, ಫ್ರಾಂಚೈಸಿ (ಹಣ ಪಡೆದು ತಮ್ಮ ಹೆಸರು, ಪದ್ಧತಿಯಲ್ಲಿ ಅಂಗಡಿ ನಡೆಸಲು ಬೇರೆಯವರಿಗೆ ಕೊಡುವ ಹಕ್ಕು) ಕರಾರು ಇವುಗಳಲ್ಲಿ ಇರುವ ಇತಿಹಾಸ ಕಂಪನಿಯ ಜಾಹೀರಾತಿನಲ್ಲಿ ಸಿಗುವುದಿಲ್ಲ. ನೀವು ಕೇಳಿದ ಎಲ್ಲ ಹೆಸರುಗಳಿಗೂ ಇದೇ ದಾರಿಯಲ್ಲಿ ಹೋಗೋಣ.

ಮೆಕ್‌ಡೊನಾಲ್ಡ್ ಸಹೋದರರು ಹುಟ್ಟಿದ್ದು ಅಮೆರಿಕದ ಪೂರ್ವ ಭಾಗದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಗಿರಣಿ ಊರಿನಲ್ಲಿ. ಅಪ್ಪ ಬೂಟಿನ ಕಾರ್ಖಾನೆಯಲ್ಲಿದ್ದರು. ಇಬ್ಬರೂ ಹೊಟ್ಟೆಪಾಡಿಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಸಿನಿಮಾ ಸ್ಟುಡಿಯೊದಲ್ಲಿ ಸೆಟ್ ಸಾಮಾನು ಹೊತ್ತು, ಒಂದು ಚಿತ್ರಮಂದಿರ ನಡೆಸಿ ಕೈಸುಟ್ಟುಕೊಂಡು, ಕೊನೆಗೆ 1940ರಲ್ಲಿ ಸ್ಯಾನ್ ಬರ್ನಾರ್ಡಿನೊದಲ್ಲಿ ಬಾರ್ಬೆಕ್ಯೂ ಹೋಟೆಲ್ ತೆರೆದರು. ಕಾರು ನಿಲ್ಲಿಸಿದಲ್ಲಿಗೇ ಹುಡುಗಿಯರು ತಟ್ಟೆ ತಂದುಕೊಡುವ ಮಾದರಿಯದು. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಲೆಕ್ಕ ತೆಗೆದು ನೋಡಿದರೆ ಬಹುಪಾಲು ಹಣ ಬರುತ್ತಿದ್ದುದು ಬರೀ ಹ್ಯಾಂಬರ್ಗರ್‌ನಿಂದ. ಉಳಿದ ಪದಾರ್ಥಗಳೆಲ್ಲ ಅಡುಗೆಮನೆಗೆ ಹೊರೆ.

ಮುಂದೆ ಅವರು ಮಾಡಿದ್ದಕ್ಕೆ ಧೈರ್ಯ ಬೇಕು. ನಡೆಯುತ್ತಿದ್ದ ಹೋಟೆಲನ್ನು 1948ರಲ್ಲಿ ಮೂರು ತಿಂಗಳು ಮುಚ್ಚಿದರು. ತಟ್ಟೆ, ಚಮಚ, ಕಾರಿನ ಬಳಿಗೆ ಓಡುವ ಹುಡುಗಿಯರು, ಎಲ್ಲವನ್ನೂ ತೆಗೆದುಹಾಕಿದರು. ಮೆನುವಿನಲ್ಲಿ ಉಳಿದದ್ದು 9 ಪದಾರ್ಥ, ಹ್ಯಾಂಬರ್ಗರ್‌ಗೆ 15 ಸೆಂಟ್, ಕೊಡುವುದು ಕಾಗದದ ಹೊದಿಕೆಯಲ್ಲಿ. ಗಿರಾಕಿ ತಾನೇ ಕಿಟಕಿಯ ಬಳಿ ಬಂದು ತೆಗೆದುಕೊಂಡು ಹೋಗಬೇಕು. ಆಮೇಲೆ ಇದೇ ಪದ್ಧತಿಯ ದೊಡ್ಡ ಅಡುಗೆಮನೆ ಬೇಕಾದಾಗ ಅದರ ನಕ್ಷೆಯನ್ನು ಕಾಗದದ ಮೇಲೆ ಎಳೆಯುವುದು ಬಿಟ್ಟು ಮನೆಯ ಟೆನಿಸ್ ಅಂಗಳದಲ್ಲಿ ಸೀಮೆಸುಣ್ಣದಿಂದ ನಿಜ ಅಳತೆಯಲ್ಲೇ ಎಳೆದರು. ಕೆಲಸದವರನ್ನು ರಾತ್ರಿ ಅಲ್ಲಿಗೆ ಕರೆಸಿ, ಬರ್ಗರ್ ಬೇಯಿಸಿದಂತೆ, ಸಾಸ್ ಹಾಕಿದಂತೆ, ಹಾಲು ಸುರಿದಂತೆ ಖಾಲಿ ಕೈಯಲ್ಲಿ ಅಭಿನಯ ಮಾಡಿಸಿದರು. ಯಾರು ಯಾರಿಗೆ ಡಿಕ್ಕಿ ಹೊಡೆಯುತ್ತಾರೆ ಎಂದು ನೋಡಿ ಗೆರೆ ತಿದ್ದಿದರು. ಎಲ್ಲ ಸರಿಹೋದ ಮೇಲೆ ಮಳೆ ಬಂದು ಗೆರೆಗಳೆಲ್ಲ ಕೊಚ್ಚಿಹೋದವು, ಮತ್ತೆ ಮೊದಲಿಂದ ಎಳೆಯಬೇಕಾಯಿತು. ಜಗತ್ತಿನ ಫಾಸ್ಟ್ ಫುಡ್ ಉದ್ಯಮದ ಬೇರು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಆ ಟೆನಿಸ್ ಅಂಗಳವನ್ನೇ ತೋರಿಸುತ್ತೇನೆ. ಚಿನ್ನದ ಬಣ್ಣದ ಕಮಾನು ಕೂಡ ಅವರದೇ. ಅದು 1953ರಲ್ಲೇ ಎದ್ದು ನಿಂತಿತ್ತು. ಕ್ರಾಕ್ ಸಹೋದರರ ಬಳಿಗೆ ಬಂದದ್ದು ಅದಾದ ಮುಂದಿನ ವರ್ಷ.

ಕ್ರಾಕ್ ಮಿಲ್ಕ್‌ಶೇಕ್ ಯಂತ್ರ ಮಾರುವ ಸೇಲ್ಸ್‌ಮನ್. ವಯಸ್ಸು 52, ಸಕ್ಕರೆ ಕಾಯಿಲೆ, ಸಂಧಿವಾತ. ಅವನು ಮಾರುತ್ತಿದ್ದ ಮಲ್ಟಿಮಿಕ್ಸರ್ ಒಂದೇ ಸಲಕ್ಕೆ 5 ಶೇಕ್ ಮಾಡುತ್ತಿತ್ತು. ಇಂಥ 8 ಯಂತ್ರಗಳನ್ನು ಒಂದೇ ಹೋಟೆಲ್ ಇಟ್ಟುಕೊಂಡಿದೆ ಎಂದರೆ ಒಟ್ಟಿಗೆ 40 ಶೇಕ್ ತಯಾರಾಗುತ್ತಿದೆ ಎಂದಾಯಿತು. ಅದೇನೆಂದು ನೋಡಲು 1954ರಲ್ಲಿ ಹೋದವನು, ದೇಶದಾದ್ಯಂತ ಫ್ರಾಂಚೈಸಿ ಕೊಡುವ ಏಜೆಂಟ್ ಆಗಿ ಕರಾರು ಮಾಡಿಕೊಂಡು ಬಂದ. ಸಹೋದರರು ಅದಕ್ಕೂ ಮುಂಚೆಯೇ ಕೆಲವರಿಗೆ ಫ್ರಾಂಚೈಸಿ ಕೊಟ್ಟಿದ್ದರು, ಆದರೆ ಊರೂರು ಸುತ್ತುವ ಉಸಾಬರಿ ಅವರಿಗೆ ಬೇಕಿರಲಿಲ್ಲ.

ಈ ಕರಾರಿನ ಅಂಕಿಗಳನ್ನು ಮಗಳು ಗಮನಿಸಲಿ. ಫ್ರಾಂಚೈಸಿ ತೆಗೆದುಕೊಂಡವನು ಮೊದಲಿಗೆ 950 ಡಾಲರ್ ಕಟ್ಟಬೇಕು, ಆಮೇಲೆ ಮಾರಾಟದ ಶೇ. 1.9. ಅದರಲ್ಲಿ ಶೇ. 0.5 ಸಹೋದರರಿಗೆ, ಉಳಿದ ಶೇ. 1.4 ಕ್ರಾಕ್‌ಗೆ. ಹೋಟೆಲಿನ ವಿನ್ಯಾಸದಲ್ಲಿ ಏನು ಬದಲಾಯಿಸಬೇಕಾದರೂ ಸಹೋದರರ ಒಪ್ಪಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರಬೇಕು. ಕ್ರಾಕ್ 1955ರ ಏಪ್ರಿಲ್ 15ರಂದು ಇಲಿನಾಯ್ ರಾಜ್ಯದ ಡೆಸ್ ಪ್ಲೇನ್ಸ್‌ನಲ್ಲಿ ತನ್ನ ಮೊದಲ ಹೋಟೆಲ್ ತೆರೆದ. ಕ್ಯಾಲಿಫೋರ್ನಿಯಾದ ಬಿಸಿಲಿಗೆ ಮಾಡಿದ ನಕ್ಷೆ ಅದು. ಚಿಕಾಗೊ ಕಡೆಯ ಚಳಿಗೆ ಕಟ್ಟಡ ಬೆಚ್ಚಗಿಡುವ ಕುಲುಮೆಗೆ ಅದರಲ್ಲಿ ಜಾಗವೇ ಇರಲಿಲ್ಲ. ಕುಲುಮೆಗೆಂದು ನೆಲಮಾಳಿಗೆ ಅಗೆಯಲು ಸಹೋದರರು ಬಾಯಿಮಾತಿನಲ್ಲಿ ಹೂಂ ಅಂದರೇ ಹೊರತು ಕಾಗದ ಕಳಿಸಲಿಲ್ಲ. ಇಬ್ಬರ ನಡುವಿನ ಇರುಸುಮುರುಸು ಶುರುವಾದದ್ದು ಇಂಥ ವಿಷಯಗಳಿಂದಲೇ.

ಶೇ. 1.4ರಲ್ಲಿ ಕಂಪನಿ ಬದುಕುವುದು ಕಷ್ಟವಿತ್ತು. ದಾರಿ ತೋರಿಸಿದವನು ಹ್ಯಾರಿ ಸಾನ್‌ಬೋರ್ನ್ ಎಂಬ ಹಣಕಾಸಿನ ಮನುಷ್ಯ. 1956ರಲ್ಲಿ ಜಮೀನಿಗೆಂದೇ ಪ್ರತ್ಯೇಕ ಕಂಪನಿ ಹುಟ್ಟಿತು. ಅದು ಜಾಗವನ್ನು ಗುತ್ತಿಗೆಗೆ ಹಿಡಿದು, ಮೇಲೆ ಲಾಭ ಇಟ್ಟು ಫ್ರಾಂಚೈಸಿಯವನಿಗೆ ಒಳಬಾಡಿಗೆಗೆ ಕೊಡುತ್ತದೆ. ಮಾರಾಟ ಏರಿದರೆ ಬಾಡಿಗೆಯೂ ಏರುತ್ತದೆ. ಸಹೋದರರ ಕರಾರಿನಲ್ಲಿ ಬಾಡಿಗೆಯ ಮಾತೇ ಇರಲಿಲ್ಲ, ಹಾಗಾಗಿ ಅದರಲ್ಲಿ ಅವರಿಗೆ ಕಾಸೂ ಇಲ್ಲ. ನನ್ನ ಮಟ್ಟಿಗೆ ಇವತ್ತಿನ ಮೆಕ್‌ಡೊನಾಲ್ಡ್ಸ್ ಕಂಪನಿಯ ಹುಟ್ಟುಹಬ್ಬ ಈ ಬಾಡಿಗೆ ವ್ಯವಹಾರದ ದಿನವೇ. ಸಾನ್‌ಬೋರ್ನ್ ಹೆಸರು ಮಾತ್ರ ಯಾವ ಗೈಡ್‌ನಲ್ಲೂ ಇರುವುದಿಲ್ಲ.

1961ರಲ್ಲಿ ಕ್ರಾಕ್ ಸಾಲ ಎತ್ತಿ 27 ಲಕ್ಷ ಡಾಲರ್‌ಗೆ ಸಹೋದರರಿಂದ ಹಕ್ಕೆಲ್ಲವನ್ನೂ ಖರೀದಿಸಿದ. ತೆರಿಗೆ ಕಳೆದು ಒಬ್ಬೊಬ್ಬರಿಗೆ ತಲಾ 10 ಲಕ್ಷ ಡಾಲರ್ ಕೈಗೆ ಬರಬೇಕು ಎಂಬ ಲೆಕ್ಕದಲ್ಲಿ ಅವರೇ ಹೇಳಿದ ಬೆಲೆ ಅದು. ಸ್ಯಾನ್ ಬರ್ನಾರ್ಡಿನೊದ ಮೂಲ ಹೋಟೆಲ್ ಮಾತ್ರ ವ್ಯವಹಾರದಲ್ಲಿ ಸೇರಿರಲಿಲ್ಲ. ಆದರೆ ಹೆಸರು ಮಾರಿಹೋಗಿತ್ತು! ತಮ್ಮದೇ ಹೋಟೆಲಿನ ಮೇಲೆ ತಮ್ಮದೇ ಮನೆತನದ ಹೆಸರು ಹಾಕುವಂತಿಲ್ಲ. ಅದಕ್ಕೆ 'ಬಿಗ್ ಎಂ' ಎಂದು ಹೆಸರಿಟ್ಟರು. ಸಿಟ್ಟಿನಲ್ಲಿದ್ದ ಕ್ರಾಕ್ ಹತ್ತಿರದಲ್ಲೇ ಒಂದು ಮೆಕ್‌ಡೊನಾಲ್ಡ್ಸ್ ತೆರೆದ. ಕೆಲವು ವರ್ಷಗಳಲ್ಲಿ ಹಳೆಯ ಹೋಟೆಲ್ ಮುಚ್ಚಿತು. ಶಾಶ್ವತ ರಾಯಲ್ಟಿ ಕೊಡುವುದಾಗಿ ಕ್ರಾಕ್ ಕೈಕುಲುಕಿ ಹೇಳಿದ್ದ ಎಂದು ಸಹೋದರರ ಕುಟುಂಬದವರು ಹೇಳುತ್ತಾ ಬಂದಿದ್ದಾರೆ. ಲಿಖಿತದಲ್ಲಿ ಹಾಗೇನೂ ಇಲ್ಲ.

ಕ್ರಾಕ್‌ನನ್ನು ಖಳನಾಯಕ ಮಾಡುವುದು ಸುಲಭ, ಮತ್ತು ಈಚೆಗೆ ಅದು ಫ್ಯಾಶನ್ ಕೂಡ. ನನಗೆ ಅದು ಒಪ್ಪಿಗೆಯಿಲ್ಲ. ನೂರಾರು ಊರುಗಳಲ್ಲಿ ಒಂದೇ ರುಚಿ, ಒಂದೇ ಶುಚಿ ಕಾಪಾಡುವುದು ಸಹೋದರರಿಂದ ಆಗದ ಕೆಲಸವಾಗಿತ್ತು. ಅವರಿಗೆ ಅದರಲ್ಲಿ ಆಸಕ್ತಿಯೂ ಇರಲಿಲ್ಲ. ಕೊಸರಾಡದೆ ತಾವು ಕೇಳಿದ ಬೆಲೆಗೇ ಮಾರಿದರು. ತಕರಾರು ಇರುವುದು ಆಮೇಲಿನ ಕಥೆಯ ಬಗ್ಗೆ. ಡೆಸ್ ಪ್ಲೇನ್ಸ್‌ನ ಹೋಟೆಲೇ ನಂಬರ್ ಒನ್ ಎಂದು ಕಂಪನಿ ದಶಕಗಟ್ಟಲೆ ಹೇಳಿಕೊಂಡು ಬಂತು. ಕ್ರಾಕ್ 1984ರ ಜನವರಿಯಲ್ಲಿ ತೀರಿಕೊಂಡ. ಅದೇ ವರ್ಷದ ನವೆಂಬರ್‌ನಲ್ಲಿ ಕಂಪನಿ ತನ್ನ 5,000 ಕೋಟಿನೇ ಹ್ಯಾಂಬರ್ಗರ್ ಬೇಯಿಸಿದಾಗ, ನ್ಯೂಯಾರ್ಕ್‌ನ ಸಮಾರಂಭದಲ್ಲಿ ಅದನ್ನು ಕೈಗಿತ್ತದ್ದು ಡಿಕ್ ಮೆಕ್‌ಡೊನಾಲ್ಡ್‌ಗೆ. ಇನ್ನೊಂದು ಮಾತು: ಬಿಗ್ ಮ್ಯಾಕ್ ಎಂಬ ಬರ್ಗರ್ ಸಹೋದರರದೂ ಅಲ್ಲ, ಕ್ರಾಕ್‌ನದೂ ಅಲ್ಲ. ಪೆನ್ಸಿಲ್ವೇನಿಯಾದಲ್ಲಿ ಫ್ರಾಂಚೈಸಿ ನಡೆಸುತ್ತಿದ್ದ ಜಿಮ್ ಡೆಲಿಗಾಟಿ 1967ರಲ್ಲಿ ತನ್ನ ಗಿರಾಕಿಗಳಿಗೆಂದು ಮಾಡಿದ್ದು ಅದು.

ಕೋಕಾ-ಕೋಲಾಕ್ಕೆ ಬರೋಣ. ಅಲ್ಲಿ ಒಬ್ಬಿಬ್ಬರಲ್ಲ, ನಾಲ್ಕು ಕೈ ಬದಲಾಗಿದೆ.

ಜಾನ್ ಪೆಂಬರ್ಟನ್ ಜಾರ್ಜಿಯಾ ರಾಜ್ಯದ ಔಷಧ ತಯಾರಕ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಪರ ಹೋರಾಡಿ 1865ರಲ್ಲಿ ಎದೆಗೆ ಕತ್ತಿಯ ಏಟು ತಿಂದ. ಆ ನೋವಿಗೆಂದು ತೆಗೆದುಕೊಂಡ ಮಾರ್ಫಿನ್ ಚಟವಾಗಿ ಅಂಟಿಕೊಂಡಿತು. ಕೋಕಾ ಎಲೆಯ ಸಾರವಿದ್ದ ದ್ರಾಕ್ಷಾರಸವನ್ನು ಟಾನಿಕ್ ಎಂದು ಮಾರುತ್ತಿದ್ದ. ಅಷ್ಟರಲ್ಲಿ ಅಟ್ಲಾಂಟಾದಲ್ಲಿ ಪಾನನಿಷೇಧ ಬಂತು. ದ್ರಾಕ್ಷಾರಸ ತೆಗೆದು ಸಕ್ಕರೆ ಪಾಕ ಹಾಕಿ ಹೊಸ ಸಿರಪ್ ಮಾಡಿದ. 1886ರ ಮೇ ತಿಂಗಳಲ್ಲಿ ಜೇಕಬ್ಸ್ ಫಾರ್ಮಸಿಯ ಸೋಡಾ ಕೌಂಟರಿನಲ್ಲಿ ಅದನ್ನು ಸೋಡಾಕ್ಕೆ ಬೆರೆಸಿ ಲೋಟಕ್ಕೆ 5 ಸೆಂಟ್‌ನಂತೆ ಮಾರತೊಡಗಿದರು. ಮೊದಲ ವರ್ಷದ ಸರಾಸರಿ ವ್ಯಾಪಾರ ದಿನಕ್ಕೆ 9 ಲೋಟ.

'ಕೋಕಾ-ಕೋಲಾ' ಎಂಬ ಹೆಸರು ಪೆಂಬರ್ಟನ್‌ನದಲ್ಲ. ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಪಾಲುದಾರ ಫ್ರಾಂಕ್ ರಾಬಿನ್ಸನ್ ಸೂಚಿಸಿದ್ದು. ಆ ಕಾಲದ ಅಮೆರಿಕದಲ್ಲಿ ಗುಮಾಸ್ತರು ಕಲಿಯುತ್ತಿದ್ದ ಬಳುಕು ಅಕ್ಷರದಲ್ಲಿ ಅದನ್ನು ಬರೆದವನೂ ಅವನೇ. ಇವತ್ತು ನಿಮ್ಮೂರ ಗೂಡಂಗಡಿಯ ಫ್ರಿಜ್ ಮೇಲೆ ಕೆಂಪು ಹಿನ್ನೆಲೆಯಲ್ಲಿ ಕಾಣುವುದು ಆ ಲೆಕ್ಕ ಬರೆಯುವವನ ಕೈಬರಹವೇ.

ಕಾಯಿಲೆ ಮತ್ತು ಸಾಲದಲ್ಲಿ ಮುಳುಗಿದ ಪೆಂಬರ್ಟನ್ ಹಕ್ಕುಗಳನ್ನು ತುಂಡುತುಂಡಾಗಿ ಬೇರೆಬೇರೆಯವರಿಗೆ ಮಾರಿ 1888ರ ಆಗಸ್ಟ್‌ನಲ್ಲಿ ತೀರಿಕೊಂಡ. ಆ ತುಂಡುಗಳನ್ನು ಒಂದೊಂದಾಗಿ ಕೊಂಡು ಜೋಡಿಸಿದವನು ಏಸಾ ಕ್ಯಾಂಡ್ಲರ್, ಅವನೂ ಔಷಧ ವ್ಯಾಪಾರಿ. ಅವನಿಗೆ ತಗುಲಿದ ಒಟ್ಟು ಖರ್ಚು 2,300 ಡಾಲರ್. ಈ ಕ್ರಯಪತ್ರಗಳಲ್ಲಿನ ಕೆಲವು ಸಹಿಗಳ ಬಗ್ಗೆ ಸಂಶಯ ಎತ್ತಿದ ಇತಿಹಾಸಕಾರರಿದ್ದಾರೆ. 1910ರಲ್ಲಿ ಕ್ಯಾಂಡ್ಲರ್ ಕಂಪನಿಯ ಆರಂಭದ ದಾಖಲೆಗಳನ್ನು ಸುಡಿಸಿಬಿಟ್ಟ, ಹಾಗಾಗಿ ಈ ವಾದ ತೀರುವ ಹಾಗಿಲ್ಲ. 1892ರಲ್ಲಿ ಕಂಪನಿ ನೋಂದಾಯಿಸಿದಾಗ ರಾಬಿನ್ಸನ್ ಕ್ಯಾಂಡ್ಲರ್ ಜೊತೆಗಿದ್ದ. ಪೆಂಬರ್ಟನ್ ಮನೆಯವರು ಯಾರೂ ಇರಲಿಲ್ಲ. ಕ್ವಿಜ್‌ಗೆ ಬೇಕಾದರೆ ಹೀಗೆ ಬರೆಯಿರಿ: ಪಾನೀಯ ಪೆಂಬರ್ಟನ್‌ನದು, ಕಂಪನಿ ಕ್ಯಾಂಡ್ಲರ್‌ನದು.

ಬಾಟಲಿಯ ಕಥೆ ಇದಕ್ಕಿಂತ ಸ್ವಾರಸ್ಯ. ಕೋಲಾ ಎಂದರೆ ಸೋಡಾ ಕೌಂಟರಿನಲ್ಲಿ ಕುಡಿಯುವುದು ಎಂದೇ ಕ್ಯಾಂಡ್ಲರ್ ನಂಬಿದ್ದ. 1899ರಲ್ಲಿ ಚಟನೂಗಾ ಊರಿನ ಇಬ್ಬರು ವಕೀಲರು, ಬೆಂಜಮಿನ್ ಥಾಮಸ್ ಮತ್ತು ಜೋಸೆಫ್ ವೈಟ್‌ಹೆಡ್, ಬಾಟಲಿಗೆ ತುಂಬಿ ಮಾರುವ ಹಕ್ಕು ಕೇಳಿಕೊಂಡು ಬಂದರು. ಅಮೆರಿಕದ ಬಹುಪಾಲು ರಾಜ್ಯಗಳ ಬಾಟ್ಲಿಂಗ್ ಹಕ್ಕನ್ನು ಕ್ಯಾಂಡ್ಲರ್ ಬರೀ 1 ಡಾಲರ್‌ಗೆ ಬರೆದುಕೊಟ್ಟ. ಆ ಒಂದು ಡಾಲರನ್ನೂ ಅವನು ವಸೂಲಿ ಮಾಡಲಿಲ್ಲ ಎಂದು ಹೇಳುತ್ತಾರೆ. ಎಡವಟ್ಟು ಅದಲ್ಲ. ಸಿರಪ್ಪನ್ನು ನಿಗದಿತ ಬೆಲೆಗೆ ಕೊಡುತ್ತೇನೆ ಎಂದು ಒಪ್ಪಿಕೊಂಡವನು, ಆ ಬೆಲೆ ಎಷ್ಟು ಕಾಲ ಎಂದು ಬರೆಸಲಿಲ್ಲ. ಸಕ್ಕರೆ ಬೆಲೆ ಏರಿದರೂ ಕಂಪನಿ ಹಳೆಯ ದರಕ್ಕೇ ಸಿರಪ್ ಅಳೆಯಬೇಕು. ಬಾಟ್ಲರ್‌ಗಳು ಬಾಟಲಿಯ ಬೆಲೆ ಏರಿಸಿದರೆ ಲಾಭವೆಲ್ಲ ಅವರಿಗೆ. ಕಂಪನಿಗೆ ಲಾಭ ಬರುವುದು ಹೆಚ್ಚು ಸಿರಪ್ ಖರ್ಚಾದರೆ ಮಾತ್ರ. ಅದಕ್ಕೇ ಕಂಪನಿ ಕಂಡಕಂಡ ಗೋಡೆಯ ಮೇಲೆಲ್ಲ '5 ಸೆಂಟ್' ಎಂದು ಬರೆಸಿತು. ಅಷ್ಟು ದೊಡ್ಡದಾಗಿ ಗೋಡೆ ಮೇಲೆ ಬರೆದ ಮೇಲೆ ಹೆಚ್ಚಿಗೆ ಕೇಳುವ ಧೈರ್ಯ ಯಾವ ಅಂಗಡಿಯವನಿಗಿದೆ?

ಕೋರ್ಟು ಕಚೇರಿ ಅಲೆದು 1921ರ ಹೊತ್ತಿಗೆ ಸಿರಪ್ ದರವನ್ನು ಸಕ್ಕರೆ ಬೆಲೆಗೆ ಜೋಡಿಸಿಕೊಂಡರು. ಆದರೂ 5 ಸೆಂಟ್ ಜನರ ನಾಲಗೆಗೆ ಹತ್ತಿಬಿಟ್ಟಿತ್ತು, ಮಾರುವ ಯಂತ್ರಗಳು ಕೂಡ ಆ ಒಂದು ನಾಣ್ಯವನ್ನಷ್ಟೇ ನುಂಗುತ್ತಿದ್ದವು. ಏಳೂವರೆ ಸೆಂಟಿನ ಹೊಸ ನಾಣ್ಯ ಟಂಕಿಸಿ ಎಂದು 1950ರ ದಶಕದಲ್ಲಿ ಕಂಪನಿ ಸರ್ಕಾರವನ್ನೇ ಕೇಳಿಕೊಂಡಿತು, ಸರ್ಕಾರ ಒಪ್ಪಲಿಲ್ಲ. 1886ರ ಬೆಲೆ ಪೂರ್ತಿ ಮಾಯವಾಗಲು 1959 ಬರಬೇಕಾಯಿತು. ಎಪ್ಪತ್ತು ಚಿಲ್ಲರೆ ವರ್ಷ! ಕಾಮರ್ಸ್ ಓದುವ ಹುಡುಗಿಗೆ ಕರಾರು ಕಾಯ್ದೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕ್ಯಾಂಡ್ಲರ್ ಕಥೆಯ ಕೊನೆಯೂ ಮೆಕ್‌ಡೊನಾಲ್ಡ್ ಸಹೋದರರ ಕಥೆಗೆ ಹತ್ತಿರವೇ. ತನ್ನ ಷೇರುಗಳನ್ನು ಮಕ್ಕಳಿಗೆ ಹಂಚಿ ಅಟ್ಲಾಂಟಾದ ಮೇಯರ್ ಆದ. ಮಕ್ಕಳು 1919ರಲ್ಲಿ ಅಪ್ಪನನ್ನು ಕೇಳದೆಯೇ ಅರ್ನೆಸ್ಟ್ ವುಡ್‌ರಫ್ ಎಂಬ ಬ್ಯಾಂಕರ್‌ನ ಗುಂಪಿಗೆ 2.5 ಕೋಟಿ ಡಾಲರ್‌ಗೆ ಕಂಪನಿ ಮಾರಿಬಿಟ್ಟರು. ವುಡ್‌ರಫ್ ಅದಕ್ಕೆಂದು ನ್ಯೂಯಾರ್ಕ್‌ನ ಬ್ಯಾಂಕಿನಲ್ಲಿ ಸಾಲ ಎತ್ತಿದಾಗ ಒತ್ತೆ ಇಟ್ಟದ್ದು ಕೋಲಾದ ಗುಟ್ಟಿನ ಸೂತ್ರವನ್ನು ಬರೆದ ಕಾಗದ. ಆ ಕಾಗದ 1925ರವರೆಗೆ ಬ್ಯಾಂಕಿನ ತಿಜೋರಿಯಲ್ಲೇ ಇತ್ತು.

ಇನ್ನು ಲೀವೈಸ್. ಡೇರೆ ಬಟ್ಟೆಯ ಕಥೆ ಸುಳ್ಳು. ಬವೇರಿಯಾದಲ್ಲಿ ಹುಟ್ಟಿದ ಲೀವೈ ಸ್ಟ್ರಾಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದದ್ದು 1853ರಲ್ಲಿ, ಜವಳಿ ಸಗಟು ವ್ಯಾಪಾರಕ್ಕೆ. ಚಿನ್ನ ಹುಡುಕುವವರ ನೂಕುನುಗ್ಗಲು ಶುರುವಾಗಿ ಅಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು. ಅವನ ಕಂಪನಿ ರಿವೆಟ್ (ಬಟ್ಟೆ ಹರಿಯದಂತೆ ಬಡಿದು ಕೂರಿಸುವ ಲೋಹದ ಮೊಳೆ) ಹಾಕಿದ ಪ್ಯಾಂಟ್ ಮಾರಿದ್ದು ಅದಕ್ಕೂ 20 ವರ್ಷದ ಮೇಲೆ. 1906ರ ಭೂಕಂಪದ ಬೆಂಕಿಯಲ್ಲಿ ಇವರ ದಾಖಲೆಗಳೂ ಸುಟ್ಟವು. ಖಾಲಿ ಉಳಿದ ಜಾಗವನ್ನು ಜಾಹೀರಾತಿನವರು ತುಂಬಿಸಿದರು.

ಪ್ಯಾಂಟ್ ಹೊಲಿದವನು ನೆವಾಡಾದ ರೀನೊ ಊರಿನ ದರ್ಜಿ ಜೇಕಬ್ ಡೇವಿಸ್, ರಿಗಾ ನಗರದಿಂದ ಬಂದವನು. ಗಂಡನ ಪ್ಯಾಂಟ್ ತಾಳುವುದೇ ಇಲ್ಲ, ಗಟ್ಟಿಯಾಗಿ ಹೊಲಿದುಕೊಡಿ ಎಂದು ಸೌದೆ ಕಡಿಯುವವನೊಬ್ಬನ ಹೆಂಡತಿ ಬಂದು 3 ಡಾಲರ್ ಮುಂಗಡ ಕೊಟ್ಟಳು. ಕುದುರೆಯ ಕಂಬಳಿಗೆ ಪಟ್ಟಿ ಕೂರಿಸಲು ಇಟ್ಟುಕೊಂಡಿದ್ದ ತಾಮ್ರದ ರಿವೆಟ್‌ಗಳು ಮೇಜಿನ ಮೇಲೆ ಬಿದ್ದಿದ್ದವು. ಮೊದಲು ಹರಿಯುವುದು ಜೇಬಿನ ಮೂಲೆ ತಾನೆ, ಅಲ್ಲಿಗೆ ಒಂದೊಂದು ಬಡಿದು ಕೊಟ್ಟ. ಸುದ್ದಿ ಹರಡಿ ಬೇಡಿಕೆ ಕೈಮೀರಿತು. ಪೇಟೆಂಟ್‌ಗೆ 68 ಡಾಲರ್ ಬೇಕು, ಅಷ್ಟು ಹೊಂದಿಸುವುದು ಅವನಿಗೆ ಕಷ್ಟ. 1872ರಲ್ಲಿ ತಾನು ಬಟ್ಟೆ ಕೊಳ್ಳುತ್ತಿದ್ದ ಸ್ಟ್ರಾಸ್ ಕಂಪನಿಗೆ ಎರಡು ಮಾದರಿ ಪ್ಯಾಂಟ್ ಕಳಿಸಿ, ತಪ್ಪು ಕಾಗುಣಿತದ ಕಾಗದ ಬರೆದ: ಇದರ ಗುಟ್ಟಿರುವುದು ಜೇಬಿನ ರಿವೆಟ್‌ನಲ್ಲಿ, ಖರ್ಚು ನೀವು ಹಾಕಿ, ಹಕ್ಕಿನಲ್ಲಿ ಪಾಲು ಕೊಡುತ್ತೇನೆ.

1873ರ ಮೇ 20ರಂದು ಸಿಕ್ಕಿದ ಪೇಟೆಂಟ್‌ನಲ್ಲಿ ಆವಿಷ್ಕಾರಕ ಡೇವಿಸ್. ಹಕ್ಕುದಾರರು ಅವನೂ ಲೀವೈ ಸ್ಟ್ರಾಸ್ ಕಂಪನಿಯೂ. ಡೇವಿಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ತಯಾರಿಕೆಯ ಉಸ್ತುವಾರಿ ವಹಿಸಿಕೊಂಡ. ಅವನಿಗೆ ಮೋಸವಾಯಿತು ಎಂದು ನನಗೆ ಅನ್ನಿಸುವುದಿಲ್ಲ, ಕೇಳಿದ್ದೂ ಸಿಕ್ಕಿತು, ಉದ್ಯೋಗವೂ ಸಿಕ್ಕಿತು. ಪೇಟೆಂಟ್ ಅವಧಿ 17 ವರ್ಷಕ್ಕೆ ಮುಗಿದು, ಯಾರು ಬೇಕಾದರೂ ರಿವೆಟ್ ಬಡಿಯಬಹುದು ಎಂದಾದಾಗ ಮಾತ್ರ ಉಳಿದದ್ದು ಬೋರ್ಡಿನ ಮೇಲಿನ ಹೆಸರು. ಅದು ಸ್ಟ್ರಾಸ್‌ನದು. ಅಂದಹಾಗೆ ಆ ಪ್ಯಾಂಟ್‌ಗಳ ಡೆನಿಮ್ ಬರುತ್ತಿದ್ದುದು ಆಮೊಸ್ಕೆಗ್ ಗಿರಣಿಯಿಂದ. ಗಿರಣಿ ಇದ್ದದ್ದು ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ, ಬರ್ಗರ್ ಅಣ್ಣತಮ್ಮಂದಿರ ಹುಟ್ಟೂರು!

ಕ್ವಿಜ್‌ನಲ್ಲಿ ಬರಬಹುದಾದ ಇನ್ನೆರಡು ಹೆಸರು ಬೇಗ ಹೇಳಿಬಿಡುತ್ತೇನೆ. ಸ್ಟಾರ್‌ಬಕ್ಸ್ ಶುರುಮಾಡಿದ್ದು 1971ರಲ್ಲಿ ಸಿಯಾಟಲ್‌ನ ಜೆರ್ರಿ ಬಾಲ್ಡ್‌ವಿನ್, ಜೆವ್ ಸೀಗಲ್, ಗಾರ್ಡನ್ ಬೌಕರ್. ಹೋವರ್ಡ್ ಶುಲ್ಟ್ಸ್ 1982ರಲ್ಲಿ ನೌಕರನಾಗಿ ಸೇರಿ, 1987ರಲ್ಲಿ 38 ಲಕ್ಷ ಡಾಲರ್ ಒಟ್ಟುಮಾಡಿ ಅದನ್ನು ಕೊಂಡ. ಆಪಲ್‌ಗೆ ಸ್ಟೀವ್ ಜಾಬ್ಸ್, ಸ್ಟೀವ್ ವೋಜ್ನಿಯಾಕ್ ಅಲ್ಲದೆ ಮೂರನೆಯ ಪಾಲುದಾರನಿದ್ದ, ರೊನಾಲ್ಡ್ ವೇಯ್ನ್. 1976ರ ಏಪ್ರಿಲ್ 1ರ ಪಾಲುದಾರಿಕೆ ಪತ್ರ ಟೈಪ್ ಮಾಡಿದವನು, ಮೊದಲ ಲಾಂಛನ ಬಿಡಿಸಿದವನು ಅವನೇ. ಶೇ. 10ರ ಪಾಲು ಇತ್ತು. ಸಾಲ ಬಂದರೆ ಮೂವರಲ್ಲಿ ಆಸ್ತಿ ಇದ್ದವನು ತಾನೊಬ್ಬನೇ ಎಂದು ಹೆದರಿ 12 ದಿನಕ್ಕೆ ಹೊರಬಂದ. ಸಿಕ್ಕಿದ್ದು 800 ಡಾಲರ್, ಆಮೇಲೆ ಇನ್ನೊಂದು 1,500. ಅವನ ಆಗಿನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಪಾಲುದಾರಿಕೆ ಸಂಸ್ಥೆಯಲ್ಲಿ ಸಾಲಗಾರರು ಮೊದಲು ಹಿಡಿಯುವುದು ಇರುವವನನ್ನೇ.

ಕೊನೆಗೆ ಕೆಎಫ್‌ಸಿ ಬೋರ್ಡಿನ ಕರ್ನಲ್ ವಿಷಯ. ಹಾರ್ಲೆಂಡ್ ಸ್ಯಾಂಡರ್ಸ್ ಚಿಕ್ಕ ವಯಸ್ಸಿನಲ್ಲಿ ಸ್ವಲ್ಪ ಕಾಲ ಸೇನೆಯಲ್ಲಿದ್ದದ್ದು ನಿಜ, ಆದರೆ ಕರ್ನಲ್ ಆಗಿ ಅಲ್ಲ. 'ಕೆಂಟಕಿ ಕರ್ನಲ್' ಎನ್ನುವುದು ಆ ರಾಜ್ಯದ ಗವರ್ನರ್ ಕೊಡುವ ಗೌರವ ಬಿರುದು; 1935ರಲ್ಲಿ ಇವನಿಗೂ ಕೊಟ್ಟರು. ಮೊದಲ ಫ್ರಾಂಚೈಸಿ ಪಡೆದವನು 1952ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೀಟ್ ಹಾರ್ಮನ್, ಕೋಳಿಯೊಂದಕ್ಕೆ 4 ಸೆಂಟ್ ಲೆಕ್ಕದಲ್ಲಿ, ಕೈಕುಲುಕಿದ ಒಪ್ಪಂದದ ಮೇಲೆ. 1964ರಲ್ಲಿ ಸ್ಯಾಂಡರ್ಸ್ 20 ಲಕ್ಷ ಡಾಲರ್‌ಗೆ ಕಂಪನಿ ಮಾರಿದ, ಸಂಬಳದ ಮೇಲೆ ಅದರ ಮುಖವಾಗಿ ಉಳಿದ. ಮುಖ ಕೊಟ್ಟನೇ ಹೊರತು ಬಾಯಿ ಕೊಡಲಿಲ್ಲ: ಹೊಸ ಮಾಲೀಕರ ಗ್ರೇವಿ ಗೋಡೆಗೆ ಕಾಗದ ಅಂಟಿಸುವ ಗೋಂದಿನಂತಿದೆ ಎಂದು ಪತ್ರಿಕೆಗೆ ಹೇಳಿ, ಒಬ್ಬ ಫ್ರಾಂಚೈಸಿಯವರಿಂದ ಮಾನನಷ್ಟ ಮೊಕದ್ದಮೆ ಹಾಕಿಸಿಕೊಂಡ. ಮೊಕದ್ದಮೆ ವಜಾ ಆಯಿತು. ಆ ಮುಖ ಭಾರತಕ್ಕೆ ಬಂದದ್ದು ನಮ್ಮ ಬ್ರಿಗೇಡ್ ರಸ್ತೆಗೇ, 1995ರಲ್ಲಿ. ಮರುವರ್ಷದ ಜನವರಿಯಲ್ಲಿ ರಾಜ್ಯ ರೈತ ಸಂಘದವರು ಆ ಅಂಗಡಿಗೆ ನುಗ್ಗಿದ್ದು ನಿಮಗೂ ನೆನಪಿರಬಹುದು.

ಇವರಲ್ಲಿ ಸೇನೆಯಿಂದಲೇ ಆ ಪದವಿ ಪಡೆದವನು ಬೇಕೆಂದರೆ ಪೆಂಬರ್ಟನ್‌ನನ್ನು ನೋಡಿ. ಅವನು ಯುದ್ಧದಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿದ್ದ. ಮಗಳು ಮುಂದಿನ ಕ್ವಿಜ್‌ನಲ್ಲಿ ಈ ಪ್ರಶ್ನೆಯನ್ನು ತಾನೇ ಹಾಕಲಿ.